ರೂಸ್ಯಾಂ ಲವಣಗಳು

ಕಬ್ಬಿಣ, ಗಂಧಕ ಮತ್ತು ನೈಟ್ರಿಕ್ ಆಕ್ಸೈಡ್ ಒಂದೇ ಅಯಾನಿನಲ್ಲಿ ಕೂಡಿಕೊಂಡಿರುವ ಸಂಯುಕ್ತಗಳು. ಫ್ರಾನ್ಸಿನ ಸೇನಾ ಔಷಧಶಾಸ್ತ್ರಜ್ಞ ಫ್ರಾನ್ಸ್ವಾ ಜಕಾರಿ ರೂಸ್ಯಾಂ (1827–1894) ಇವನ್ನು 1858ರಲ್ಲಿ ಮೊದಲು ವರ್ಣಿಸಿದ. ಅಜೋ ವರ್ಣದ್ರವ್ಯಗಳ ತಯಾರಿಕೆಯಲ್ಲೂ ಹೆಸರು ಮಾಡಿದ ಈತನನ್ನು ರಸಾಯನಶಾಸ್ತ್ರ ಇಂದು ನೆನೆಯುವುದು ಹೆಚ್ಚಾಗಿ ಈ ಲವಣಗಳಿಂದಲೇ.

ನೈಟ್ರೈಟ್, ಸಲ್ಫೈಡ್ ಮತ್ತು ಕಬ್ಬಿಣದ ಲವಣಗಳ ದ್ರಾವಣಗಳನ್ನು ಬೆರೆಸಿ ಕಾಯಿಸಿದಾಗ ದೊರೆಯುವ ಕಡುಬಣ್ಣದ ಹರಳುಗಳಿಗೆ ರೂಸ್ಯಾಂ ಕಪ್ಪು ಲವಣವೆಂದು ಹೆಸರು. ಇದನ್ನು ಕ್ಷಾರದೊಡನೆ ವರ್ತಿಸಲು ಬಿಟ್ಟರೆ ಕಬ್ಬಿಣದ ಒಂದು ಭಾಗ ಆಕ್ಸೈಡಾಗಿ ಬೇರ್ಪಟ್ಟು ಕೆಂಪು ಲವಣ ಉಳಿಯುತ್ತದೆ. ಕೆಂಪು ಲವಣಕ್ಕೆ ಆಮ್ಲ ಸೇರಿಸಿದರೆ ಮತ್ತೆ ಕಪ್ಪು ಲವಣವೇ ಬರುತ್ತದೆ. ಕೆಂಪು ಲವಣದ ಗಂಧಕ ಪರಮಾಣುಗಳಿಗೆ ಮೀಥೈಲ್, ಈಥೈಲ್ ಮೊದಲಾದ ಗುಂಪುಗಳು ಅಂಟಿದಾಗ ಆಗುವವು ಕೆಂಪು ಎಸ್ಟರುಗಳು.

ಸಂಯುಕ್ತ ಕೈಗೆ ಸಿಕ್ಕಷ್ಟು ಸುಲಭವಾಗಿ ಅದರ ರಚನೆ ತಿಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ವಿಶ್ಲೇಷಣೆ ಯಾವ ಧಾತು ಎಷ್ಟಿದೆ ಎಂಬುದನ್ನು ಹೇಳಬಲ್ಲದಾಗಿತ್ತೇ ಹೊರತು, ಕಪ್ಪು ಲವಣದ ಅಯಾನಿನಲ್ಲಿ ಕಬ್ಬಿಣ, ಗಂಧಕ ಮತ್ತು ನೈಟ್ರೋಸಿಲ್ (ಲೋಹಕ್ಕೆ ಅಂಟಿದ ನೈಟ್ರಿಕ್ ಆಕ್ಸೈಡ್) ಸೇರಿ ಒಟ್ಟು ಹದಿನಾಲ್ಕು ಘಟಕಗಳು ಹೇಗೆ ಹೆಣೆದುಕೊಂಡಿವೆ ಎಂಬುದನ್ನಲ್ಲ. ಸರಿಯಾಗಿ ನೂರು ವರ್ಷಗಳ ಬಳಿಕ, 1958ರಲ್ಲಿ, ಯೋಹಾನ್ಸನ್ ಮತ್ತು ವಿಲಿಯಂ ಲಿಪ್ಸ್‌ಕಂಬ್ ಕಪ್ಪು ಲವಣದ ಸೀಸಿಯಂ ರೂಪವನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿ ಇದನ್ನು ಬಗೆಹರಿಸಿದರು. ನಾಲ್ಕು ಕಬ್ಬಿಣದ ಪರಮಾಣುಗಳು ಚತುರ್ಮುಖಿಯೊಂದರ ಮೂಲೆಗಳಲ್ಲಿರುತ್ತವೆ. ಅದರ ಮೂರು ಮುಖಗಳ ಮೇಲೆ ಒಂದೊಂದು ಗಂಧಕದ ಪರಮಾಣು ಕುಳಿತು ಮೂರು ಮೂರು ಕಬ್ಬಿಣಗಳನ್ನು ಬೆಸೆಯುತ್ತದೆ. ಶಿಖರದ ಕಬ್ಬಿಣಕ್ಕೆ ಒಂದು, ತಳದ ಪ್ರತಿ ಕಬ್ಬಿಣಕ್ಕೆ ಎರಡರಂತೆ ಒಟ್ಟು ಏಳು ನೈಟ್ರೋಸಿಲ್‌ಗಳಿರುತ್ತವೆ. ಕೆಂಪು ಲವಣದ ಅಯಾನು ಇದಕ್ಕಿಂತ ಸರಳ: ಎರಡು ಗಂಧಕಗಳು ಸೇತುವೆಯಾಗಿ ಜೋಡಿಸಿದ ಎರಡು ಕಬ್ಬಿಣಗಳು, ಒಂದೊಂದಕ್ಕೂ ಎರಡು ನೈಟ್ರೋಸಿಲ್.

ಬಹುಕಾಲ ಕೌತುಕದ ವಸ್ತುಗಳಾಗಿದ್ದ ಇವು ಜೀವವಿಜ್ಞಾನದ ಗಮನ ಸೆಳೆದದ್ದು ಆಹಾರದ ಮೂಲಕ. ಮಾಂಸ ಕೆಡದಂತೆ ಬಳಸುವ ನೈಟ್ರೈಟನ್ನು ಪೋಷಕ ಮಾಧ್ಯಮದೊಡನೆ ಕಾಯಿಸಿದರೆ, ಆಹಾರ ವಿಷವಾಗಲು ಕಾರಣವಾಗುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಗಳನ್ನು ತಡೆಯುವ ಅದರ ಶಕ್ತಿ ಹೆಚ್ಚುವುದನ್ನು 1967ರಲ್ಲಿ ಪೆರಿಗೊ ತಂಡ ತೋರಿಸಿತು. ಹಾಗೆ ಹುಟ್ಟುವ ಪದಾರ್ಥ ಯಾವುದೆಂಬ ಹುಡುಕಾಟದಲ್ಲಿ ಈ ಬ್ಯಾಕ್ಟೀರಿಯಗಳನ್ನು ಬಲವಾಗಿ ತಡೆಯುವ ಕಪ್ಪು ಲವಣವೂ ಪರಿಶೀಲನೆಗೆ ಬಂತು. ಈ ಸಂಯುಕ್ತಗಳಿಗೆ ಇನ್ನೊಂದು ಮುಖವೂ ಉಂಟು: ಅನ್ನನಾಳದ ಕ್ಯಾನ್ಸರ್ ಹೆಚ್ಚಾಗಿದ್ದ ಚೀನಾದ ಹೆನಾನ್ ಪ್ರಾಂತದ ಲಿನ್‌ಶಿಯಾನ್‌ನಲ್ಲಿ, ಹುಳಿಯಿಸಿದ ತರಕಾರಿಯಲ್ಲಿ ಕೆಂಪು ಮೀಥೈಲ್ ಎಸ್ಟರ್ ಪತ್ತೆಯಾದಾಗ ಅದರ ಮೇಲೂ ಶಂಕೆ ಮೂಡಿತು.

ನೈಟ್ರಿಕ್ ಆಕ್ಸೈಡ್ ರಕ್ತನಾಳಗಳನ್ನು ಸಡಿಲಿಸುವ ಸಂಕೇತವಾಹಕವೆಂದು ಗೊತ್ತಾದ ಮೇಲೆ (ಈ ಶೋಧಕ್ಕೆ 1998ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಸಂದಿತು) ರೂಸ್ಯಾಂ ಲವಣಗಳಿಗೆ ಹೊಸ ಅರ್ಥ ಬಂತು. ಬೆಳಕು ಬಿದ್ದಾಗ ಅವು ತಮ್ಮಲ್ಲಿನ ನೈಟ್ರಿಕ್ ಆಕ್ಸೈಡನ್ನು ಬಿಟ್ಟುಕೊಡುವುದರಿಂದ, ಆ ಅನಿಲವನ್ನು ಬೇಕಾದ ಅಂಗಾಂಶಕ್ಕೆ ಮಾತ್ರ ತಲುಪಿಸುವ ಸಾಧ್ಯತೆ ಕಾಣಿಸಿತು. ಹೀರಿದ ಬೆಳಕಿನ ಪ್ರಮಾಣಕ್ಕೆ ಹೋಲಿಸಿದರೆ ಈ ಬಿಡುಗಡೆಯಲ್ಲಿ ಕೆಂಪು ಲವಣ ಕಪ್ಪು ಲವಣವನ್ನು ಬಹುವಾಗಿ ಮೀರಿಸುತ್ತದೆ. ಆದರೆ ಗಾಳಿಯಿರುವ ದ್ರಾವಣದಲ್ಲಿ ಅದೇ ಬೆಳಕು ಕೆಂಪನ್ನು ಕಪ್ಪಾಗಿಯೂ ಮಾರ್ಪಡಿಸುತ್ತದೆ. ದೇಹದೊಳಕ್ಕೆ ಇಳಿಯಬಲ್ಲ ಅವಗೆಂಪು ಬೆಳಕನ್ನು ಈ ಸಂಯುಕ್ತಗಳು ತಾವಾಗಿ ಹೀರಲಾರವಾದ್ದರಿಂದ, ಅಮೆರಿಕದ ಪೀಟರ್ ಫೋರ್ಡ್ ತಂಡ ಕೆಂಪು ಎಸ್ಟರಿಗೆ ಪೊರ್ಫಿರಿನ್‌ನಂಥ ವರ್ಣಕಗಳನ್ನು ಜೋಡಿಸಿ, ಅವು ಎರಡು ಫೋಟಾನ್‌ಗಳನ್ನು ಒಟ್ಟಿಗೆ ಹೀರಿ ಆ ಶಕ್ತಿಯನ್ನು ಕಬ್ಬಿಣದ ಗುಚ್ಛಕ್ಕೆ ದಾಟಿಸುವಂತೆ ಮಾಡಿತು.