ಫೆಬ್ರವರಿ 29ರ ಪರೀಕ್ಷೆ

ಅಂಧೇರಿಯ ಸೀಪ್ಜ್ ವಲಯ ಆರಂಭವಾದದ್ದು 1973ರಲ್ಲಿ. ತೊಂಬತ್ತರ ದಶಕದ ಕೊನೆಗೆ ಮುಂಬಯಿಯ ಸಾಫ್ಟ್‌ವೇರ್ ಕಂಪೆನಿಗಳಿಗೆ ವೈಟುಕೆ ಕೆಲಸ ಕೈತುಂಬ ಸಿಕ್ಕಿತು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದ ಹಳೆಯ ಪ್ರೋಗ್ರಾಂಗಳು 00 ಎಂದರೆ 1900 ಎಂದು ತಿಳಿದಾವೆಂಬ ಭಯ.

ಇಂಥ ಕೆಲಸದಲ್ಲಿ ಪರೀಕ್ಷಕರ ಕೈಗೆ ಒಂದು ಪಟ್ಟಿ ಬೇಕು. ಉದಾಹರಣೆಗೆ, 28-02-2000 ಎಂದು ಕೊಡಿ. ಮರುದಿನ 29 ಎಂದೇ ಬರಬೇಕು. 100ರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ, ಆದರೆ 400ರಿಂದಲೂ ಭಾಗವಾದರೆ ಹೌದು. ಅರ್ಧ ನಿಯಮ ಬಲ್ಲ ಯಾರೋ ಪಟ್ಟಿಯಲ್ಲಿ 'ಮಾರ್ಚ್ 1' ಎಂದು ತಿದ್ದಿಬಿಟ್ಟರೆ? ತಪ್ಪು ಪ್ರೋಗ್ರಾಂ ಪಾಸು, ಸರಿಯಾದದ್ದು ಫೇಲು! ಆ 29ರಂದು ಜಪಾನಿನ ಅಂಚೆ ಕಚೇರಿಗಳ ನಗದು ಯಂತ್ರಗಳು ನಿಜಕ್ಕೂ ಕೈಕೊಟ್ಟವು.

ಆದ್ದರಿಂದ ಪ್ರೋಗ್ರಾಮಿನಂತೆ ಪರೀಕ್ಷೆಯ ಪಟ್ಟಿಗೂ ಆವೃತ್ತಿಗಳ ಲೆಕ್ಕ ಬೇಕು: ಯಾರು, ಯಾವಾಗ, ಏಕೆ ತಿದ್ದಿದರು? ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1972ರಲ್ಲಿ ಮಾರ್ಕ್ ರೋಚ್‌ಕೈಂಡ್ ಇಂಥ ಲೆಕ್ಕವಿಡುವ ಎಸ್‌ಸಿಸಿಎಸ್ ರಚಿಸಿದರು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ 'ಗಿಟ್' ತಂದರು.

ನಮ್ಮ ಉಡುಪಿ ಹೋಟೆಲಿನ ಗಲ್ಲೆಯ ಮೇಲೆ ಕುಳಿತವರಿಗೆ ಇದು ಹೊಸತೇನಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪನ್ನು ಉಜ್ಜಿ ಅಳಿಸುವಂತಿಲ್ಲ. ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು.