ಫಿರ್ಯಾದಿಯ ದಾರಿ ಎಷ್ಟು ದೂರ?

ನಮ್ಮ ಪೊಲೀಸ್ ಠಾಣೆಗಳಲ್ಲಿ ದಿನವೂ ಬಳಕೆಯಾಗುವ ಹಲವು ಮಾತುಗಳು ಫಾರ್ಸಿ, ಅರಬಿ ಮೂಲದವು. ಜಪ್ತಿ, ತನಿಖೆ, ಸರಹದ್ದು, ಫಿರ್ಯಾದಿ. ಫರಿಯಾದ್ ಎಂದರೆ ಮೊರೆ. ಫಿರ್ಯಾದಿ ಎಂದರೆ ಮೊರೆಯಿಟ್ಟವನು. ಮೊರೆ ಕೇಳುವವನು ಹತ್ತಿರದಲ್ಲಿರಬೇಕು ಎಂಬ ತಿಳಿವಳಿಕೆಯ ಮೇಲೆಯೇ ಠಾಣೆ ಮತ್ತು ಅದರ ಸರಹದ್ದು ಎಂಬ ಏರ್ಪಾಡು ನಿಂತಿದೆ. ನವಲಗುಂದದಲ್ಲಿ ಎತ್ತು ಕಳುವಾದರೆ ನವಲಗುಂದದ ಠಾಣೆ. ಕುಂದಗೋಳದಲ್ಲಿ ಮನೆಗಳ್ಳತನವಾದರೆ ಕುಂದಗೋಳದ ಠಾಣೆ. ಕಂಪ್ಯೂಟರ್ ಬಂದ ಮೇಲೆ ಈ ಲೆಕ್ಕ ತಪ್ಪಿತು. ಹಣ ಕಳೆದುಕೊಂಡವರು ಅಣ್ಣಿಗೇರಿಯಲ್ಲಿ, ಹಣ ಸೇರಿದ ಖಾತೆ ಇನ್ನೊಂದು ರಾಜ್ಯದಲ್ಲಿ, ಕದ್ದವನು ಮತ್ತೆಲ್ಲೋ. ಹಾಗಾದರೆ ಮೊರೆ ಕೇಳಬೇಕಾದವರು ಯಾರು?

ಕರ್ನಾಟಕ ಈ ಪ್ರಶ್ನೆಯನ್ನು ಬೇಗನೆ ಎದುರಿಸಿತು. ಬೆಂಗಳೂರಿನ ಕಾರ್ಲ್‌ಟನ್ ಹೌಸ್‌ನಲ್ಲಿದ್ದ ಸಿ.ಓ.ಡಿ. ಕಚೇರಿಯಲ್ಲಿ, ಅಂದರೆ ಇಂದಿನ ಸಿ.ಐ.ಡಿ.ಯಲ್ಲಿ, 1999ರಲ್ಲಿ ಸೈಬರ್ ಅಪರಾಧ ಘಟಕ ಆರಂಭವಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ಘಟಕ ಅದಕ್ಕಿಂತಲೂ ಹಳೆಯದು. 2001ರಲ್ಲಿ ಅದನ್ನೇ ಪೊಲೀಸ್ ಠಾಣೆಯೆಂದು ಘೋಷಿಸಿ ಇಡೀ ರಾಜ್ಯವನ್ನು ಅದರ ಸರಹದ್ದಾಗಿ ಮಾಡಲಾಯಿತು. ದೇಶದ ಮೊದಲ ಸೈಬರ್ ಠಾಣೆಯೆಂಬ ಹೆಸರು ಅದಕ್ಕೆ ಬಂತು. ಬಲ್ಲವರೂ ಯಂತ್ರಗಳೂ ಕಡಿಮೆಯಿದ್ದ ಕಾಲದಲ್ಲಿ ಎಲ್ಲವನ್ನೂ ಒಂದೆಡೆ ಸೇರಿಸಿದ್ದು ಸರಿಯೇ. ಆದರೆ ನವಲಗುಂದದ ಫಿರ್ಯಾದಿಗೆ ಆ ಠಾಣೆ ನಾನೂರು ಕಿಲೋಮೀಟರಿಗೂ ಆಚೆ ಇತ್ತು.

ದೂರ ರಸ್ತೆಯದ್ದು ಮಾತ್ರವಲ್ಲ, ದರ್ಜೆಯದ್ದೂ ಆಗಿತ್ತು. ಕಾಯ್ದೆಯ 78ನೇ ಕಲಮಿನಂತೆ ಡಿ.ವೈ.ಎಸ್.ಪಿ.ಗಿಂತ ಕೆಳಗಿನವರು ಇಂಥ ತನಿಖೆ ಮಾಡುವಂತಿರಲಿಲ್ಲ. ಊರ ಜನ ಮೊದಲು ಕಾಣುವುದು ಪಿ.ಎಸ್.ಐ.ಯನ್ನು; ಡಿ.ವೈ.ಎಸ್.ಪಿ. ನೋಡಿಕೊಳ್ಳುವುದು ಹಲವು ಠಾಣೆಗಳಿರುವ ಉಪವಿಭಾಗವನ್ನು. 2008ರ ತಿದ್ದುಪಡಿ 2009ರ ಅಕ್ಟೋಬರ್ 27ರಂದು ಜಾರಿಯಾದ ಮೇಲೆ ಇನ್‌ಸ್ಪೆಕ್ಟರಿಗೂ ಆ ಅಧಿಕಾರ ಬಂತು. ಪಿ.ಎಸ್.ಐ.ಗೆ ಬರಲಿಲ್ಲ.

ದರ್ಜೆ ಇದ್ದರಷ್ಟೇ ಸಾಲದು. ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ, ಅರಗು ಹಾಕಿ, ಪಂಚರ ಸಹಿ ಪಡೆದರೆ ಜಪ್ತಿ ಮುಗಿಯುತ್ತದೆ. ಕಂಪ್ಯೂಟರ್ ಹಾಗಲ್ಲ. ಅವಸರದಲ್ಲಿ ಚಾಲೂ ಮಾಡಿ ನೋಡಿದರೂ ಫೈಲುಗಳ ದಿನಾಂಕ ಬದಲಾಗಬಹುದು. ಹಾಗಾಗಿ ಮೂಲವನ್ನು ಮುಟ್ಟದೆ ಡಿಸ್ಕಿನ ಪೂರ್ಣ ಪ್ರತಿ ತೆಗೆಯುತ್ತಾರೆ. ಅದರಿಂದ ‘ಹ್ಯಾಶ್’ ಎಂಬ ಗುರುತಿನ ಸಂಖ್ಯೆ ಲೆಕ್ಕಹಾಕಿ ಪಂಚನಾಮೆಯಲ್ಲಿ ಬರೆಯುತ್ತಾರೆ. ಒಂದಕ್ಷರ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಇದೇ ಹೊಸಕಾಲದ ಅರಗಿನ ಮುದ್ರೆ. ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಕಾನೂನು ಹೇಳಿದ ಪ್ರಮಾಣಪತ್ರ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಮತ್ತೊಮ್ಮೆ ಖಚಿತಪಡಿಸಿತು. ಇದನ್ನೆಲ್ಲ ಕಲಿತ ಸಿಬ್ಬಂದಿ ಕೈ ಪಳಗುವಷ್ಟರಲ್ಲಿ ಬೇರೆ ಠಾಣೆಗೆ ವರ್ಗವಾದರೆ ಘಟಕ ಮತ್ತೆ ಮೊದಲ ಪಾಠಕ್ಕೆ ಮರಳುತ್ತದೆ. ಘಟಕ ಕಟ್ಟುವುದಕ್ಕಿಂತ ನಡೆಸುವುದು ಕಷ್ಟ ಎನ್ನುವುದು ಇದಕ್ಕೇ. 2023ರ ಜನವರಿಯಲ್ಲಿ ಧಾರವಾಡದಲ್ಲೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ ಅಡಿಗಲ್ಲು ಬಿದ್ದದ್ದು ಈ ದೃಷ್ಟಿಯಿಂದ ನಮ್ಮ ಜಿಲ್ಲೆಗೆ ದೊಡ್ಡ ಸಂಗತಿ.

2010ರ ದಶಕದ ಕೊನೆಯ ಹೊತ್ತಿಗೆ ಜಿಲ್ಲೆಗಳಲ್ಲಿ ಸಿ.ಇ.ಎನ್. ಠಾಣೆಗಳು ಬಂದವು. ಹುಬ್ಬಳ್ಳಿ-ಧಾರವಾಡ ನಗರದ್ದು ಬೇರೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳಿಗೆ ಜಿಲ್ಲಾ ಪೊಲೀಸರದ್ದು. ಬೆಂಗಳೂರು ಧಾರವಾಡಕ್ಕೆ ಬಂದಂತಾಯಿತು. ಆದರೆ ಸೈಬರ್ ಜೊತೆಗೆ ಆರ್ಥಿಕ ಅಪರಾಧ, ಮಾದಕ ವಸ್ತುಗಳ ಹೊರೆಯೂ ಅದೇ ಠಾಣೆಯ ಹೆಗಲಿಗೆ ಬಿತ್ತು. 2025ರಲ್ಲಿ ರಾಜ್ಯ ಸರ್ಕಾರ ಸೈಬರ್ ಕಮಾಂಡ್ ಎಂಬ ಪ್ರತ್ಯೇಕ ವ್ಯವಸ್ಥೆ ರೂಪಿಸಿತು.

ಈಗ ಉಳಿದಿರುವುದು ಹೊತ್ತಿನ ದೂರ. ಕದ್ದ ಹಣ ನಿಮಿಷಗಳಲ್ಲಿ ಖಾತೆಯಿಂದ ಖಾತೆಗೆ ಹಾರುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ಸಹಾಯವಾಣಿಯ ಸಂಖ್ಯೆ ಇಂದು 1930. ಕರೆ ಬಂದೊಡನೆ ಪೊಲೀಸರು ವಿವರ ದಾಖಲಿಸುತ್ತಾರೆ. ಹಣ ಇನ್ನೂ ಖಾತೆಯಲ್ಲಿದ್ದರೆ ಬ್ಯಾಂಕು ಅದನ್ನು ತಡೆಹಿಡಿಯುತ್ತದೆ, ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ನವಲಗುಂದದಲ್ಲಿ ಜಮಖಾನ ನೇಯುವ ಹೆಣ್ಣುಮಗಳೊಬ್ಬಳು ಓ.ಟಿ.ಪಿ. ಹೇಳಿ ಮೋಸಹೋದರೆ, ಮನೆಯವರು ಬೈದಾರೆಂದು ಸಂಜೆಯವರೆಗೆ ಸುಮ್ಮನಿರಬಾರದು. ಅವಳನ್ನು ಬೈಯುವವರು ಕಳ್ಳನಿಗೆ ಹೊತ್ತು ಕೊಟ್ಟಂತೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಂತೆ ಸರಹದ್ದಿನ ನೆಪದಲ್ಲಿ ಯಾವ ಠಾಣೆಯೂ ಫಿರ್ಯಾದನ್ನು ಹಿಂದಕ್ಕೆ ಕಳಿಸುವಂತಿಲ್ಲ.

ಠಾಣೆ ಹತ್ತಿರ ಬಂದಾಗ ಅಧಿಕಾರವೂ ಹತ್ತಿರ ಬರುತ್ತದೆ. ಅಂತರ್ಜಾಲದ ಮಾತಿಗೆ ಜನರನ್ನು ಬಂಧಿಸಲು ಬಳಕೆಯಾದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿದ್ದನ್ನು ಮರೆಯಬಾರದು. 2022ರ ಏಪ್ರಿಲ್ 16ರ ರಾತ್ರಿ ಸಾಮಾಜಿಕ ಜಾಲತಾಣದ ಒಂದು ಪೋಸ್ಟಿನಿಂದ ಹಳೇ ಹುಬ್ಬಳ್ಳಿ ಠಾಣೆಯೆದುರು ಗುಂಪು ಸೇರಿ ಕಲ್ಲು ತೂರಾಟವಾಯಿತು, ಪೊಲೀಸರು ಗಾಯಗೊಂಡರು, ನೂರಕ್ಕೂ ಹೆಚ್ಚು ಜನ ಬಂಧಿತರಾದರು. ನೋವಾದವರು ಕಲ್ಲೆತ್ತದೆ ಫಿರ್ಯಾದು ಬರೆಯಬೇಕು. ಬರೆದ ಫಿರ್ಯಾದಿಗೆ ಜಾತಿ ಧರ್ಮ ನೋಡದೆ ಒಂದೇ ಬಗೆಯ ತನಿಖೆ ಸಿಗಬೇಕು. ಈ ಎರಡನೆಯದು ಸಿಗುತ್ತದೆಂಬ ಭರವಸೆ ಇದ್ದಾಗಲೇ ಮೊದಲನೆಯದನ್ನು ಜನರಿಂದ ಕೇಳಲು ಸಾಧ್ಯ. ಆ ಭರವಸೆಯನ್ನು ಬೆಂಗಳೂರಿನಿಂದ ಕಳಿಸಲಾಗದು. ತಾಲ್ಲೂಕಿನ ಠಾಣೆಯ ಮೇಜಿನ ಮುಂದೆಯೇ ಅದು ಹುಟ್ಟಬೇಕು.