ಕಿಟಕಿಗೆ ಹೊದಿಸಿದ ಹಚ್ಚಡ

ಚಳಿನಾಡಿನ ಮನೆಗಳಲ್ಲಿ ದೊಡ್ಡ ಕಿಟಕಿಯ ಮುಂದೆ ನೆಲ ಮುಟ್ಟುವಂತೆ ಇಳಿಬಿಡುವ ದಪ್ಪ ಪರದೆಯನ್ನು ಇಂದು ಅಲಂಕಾರದ ಸಾಮಗ್ರಿಯೆಂದೇ ಬಗೆಯಲಾಗುತ್ತದೆಯಾದರೂ, ಅದರ ಚರಿತ್ರೆಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಅದು ಕಂಬಳಿ, ಹಚ್ಚಡಗಳ ಕುಲಕ್ಕೆ ಸೇರಿದ ವಸ್ತುವೆಂಬುದು ಸ್ಪಷ್ಟವಾಗುತ್ತದೆ. ಮೈಗೆ ಹೊದೆಯುತ್ತಿದ್ದ ಬಟ್ಟೆಯನ್ನೇ ಮೊದಲು ಮಂಚದ ಸುತ್ತಲೂ ಆಮೇಲೆ ಕಿಟಕಿಯ ಮೇಲೂ ಹೊದಿಸಲಾಯಿತು. ಈ ಬದಲಾವಣೆ ಹೇಗೆ ನಡೆಯಿತೆಂಬುದನ್ನು ಇಂಗ್ಲೆಂಡಿನ ದಾಖಲೆಗಳಲ್ಲಿ ಚೆನ್ನಾಗಿ ಕಾಣಬಹುದು; ಅಲ್ಲಿನ ಸಿರಿವಂತರು ತಮ್ಮ ಮನೆಯ ಸಾಮಾನನ್ನು ಕೋಣೆಕೋಣೆಯಾಗಿ ಬರೆಸಿಟ್ಟ ತಪಶೀಲು ಪಟ್ಟಿಗಳು ಇಂದಿಗೂ ಉಳಿದಿವೆ.

ಇಂಗ್ಲಿಷಿನ 'ವಿಂಡೋ' ಎಂಬ ಪದ ಬಂದದ್ದು ಹಳೆಯ ನಾರ್ಸ್ ಭಾಷೆಯ, 'ಗಾಳಿಯ ಕಣ್ಣು' ಎಂಬ ಅರ್ಥದ ಪದದಿಂದ. ಸಂಸ್ಕೃತದಿಂದ ಕನ್ನಡಕ್ಕೆ ಬಂದ 'ಗವಾಕ್ಷ'ವೂ ಕಣ್ಣೇ, ಗೋವಿನ ಕಣ್ಣು. ಆದರೆ ಉತ್ತರ ಯುರೋಪಿನಲ್ಲಿ ಈ ಕಣ್ಣಿನಿಂದ ಬೆಳಕಿನ ಜೊತೆಗೇ ಕೊರೆಯುವ ಗಾಳಿಯೂ ಒಳನುಗ್ಗುತ್ತಿದ್ದುದರಿಂದ ಮಧ್ಯಯುಗದ ಮನೆಗಳು ಕಿಟಕಿಯನ್ನು ಆದಷ್ಟು ಕಿರಿದಾಗಿಟ್ಟು, ಅದಕ್ಕೆ ಮರದ ಕದ ಹಾಕಿ, ಬೆಳಕು ಬೇಕಾದಲ್ಲಿ ಎಣ್ಣೆ ಸವರಿದ ಬಟ್ಟೆಯನ್ನು ಬಿಗಿದು ಕಾಲ ಕಳೆದವು. ಅರಮನೆಗಳಲ್ಲಿ ಬಟ್ಟೆ ಕಿಟಕಿಗಿಂತ ಗೋಡೆಗೇ ಹೆಚ್ಚಾಗಿ ಬೀಳುತ್ತಿತ್ತು. ಉಣ್ಣೆ ಮತ್ತು ರೇಷ್ಮೆಯ ಎಳೆಗಳಿಂದಲೇ ಚಿತ್ರ ಮೂಡಿಸಿ ನೇಯ್ದ ದೊಡ್ಡ ಚಿತ್ರನೇಯ್ಗೆಗಳನ್ನು ಕಲ್ಲುಗೋಡೆಯ ಉದ್ದಕ್ಕೂ ತೂಗುಬಿಡುತ್ತಿದ್ದರು. 1547ರಲ್ಲಿ ತೀರಿಕೊಂಡ ಎಂಟನೆಯ ಹೆನ್ರಿಯ ಸ್ವತ್ತಿನ ಪಟ್ಟಿಯಲ್ಲಿ ಇಂಥವು ಎರಡು ಸಾವಿರಕ್ಕೂ ಹೆಚ್ಚಾಗಿದ್ದವು. ಮಲಗುವ ಕೋಣೆಯಲ್ಲಿ ನಾಲ್ಕು ಕಂಬದ ಮಂಚಕ್ಕೆ ಮೇಲುಕಟ್ಟು ಕಟ್ಟಿ, ಸುತ್ತ ಪರದೆ ಎಳೆದುಕೊಂಡರೆ ಕೋಣೆಯೊಳಗೊಂದು ಕಿರುಕೋಣೆ ಸಿದ್ಧವಾಗುತ್ತಿತ್ತು, ಮಲಗಿದವರ ಮೈಯ ಶಾಖವೇ ಅದನ್ನು ಬೆಚ್ಚಗಿಡುತ್ತಿತ್ತು. ಮಂಚದ ಮರಕ್ಕಿಂತ ಅದರ ಬಟ್ಟೆಗೇ ಬೆಲೆ ಹೆಚ್ಚಾಗಿದ್ದುದರಿಂದ ಮಂಚವನ್ನು ಉಯಿಲಿನಲ್ಲಿ ಹೆಸರಿಸಿ ಕೊಡುವ ವಾಡಿಕೆಯೂ ಬೆಳೆದಿತ್ತು.

ಈ ವ್ಯವಸ್ಥೆಯನ್ನು ಕದಲಿಸಿದ್ದು ಗಾಜು. ಡರ್ಬಿಶೈರ್ ಪ್ರಾಂತದ ಒಂದು ದಿಬ್ಬದ ಮೇಲೆ ನಿಂತಿರುವ ಹಾರ್ಡ್‌ವಿಕ್ ಹಾಲ್ ಇದಕ್ಕೆ ಕಣ್ಣಿಗೆ ಕಟ್ಟುವಂಥ ಸಾಕ್ಷಿ. ಶ್ರೂಸ್‌ಬರಿಯ ಕೌಂಟೆಸ್ ಆಗಿದ್ದ, ಹಾರ್ಡ್‌ವಿಕ್‌ನ ಬೆಸ್ ಎಂದು ಹೆಸರಾದ ಎಲಿಜಬೆತ್ ಈ ಮನೆಯನ್ನು 1590ರಿಂದ 1597ರ ನಡುವೆ ಕಟ್ಟಿಸಿದಳು. ನಕ್ಷೆ ರಾಬರ್ಟ್ ಸ್ಮಿತ್‌ಸನ್‌ನದೆಂದು ವಿದ್ವಾಂಸರು ಹೇಳುತ್ತಾರೆ. ಗಾಜು ಅತಿ ದುಬಾರಿಯಾಗಿದ್ದ ಆ ಕಾಲದಲ್ಲಿ, ಗೋಡೆಗಿಂತ ಗಾಜೇ ಹೆಚ್ಚೆಂದು ಜನ ಆಡಿಕೊಳ್ಳುವಷ್ಟು ಕಿಟಕಿಗಳನ್ನು ಅವಳು ಇಡಿಸಿದಳು, ಅದರಲ್ಲೂ ಮೇಲಂತಸ್ತಿಗೆ ಹೋದಂತೆ ಅವು ಇನ್ನೂ ಎತ್ತರವಾಗುತ್ತವೆ. ಸುಮಾರು 50 ಮೀಟರ್ ಉದ್ದದ ಅಲ್ಲಿನ ಮೊಗಸಾಲೆಗೆ ಬೈಬಲ್ಲಿನ ಗಿಡಿಯನ್ನನ ಕಥೆಯುಳ್ಳ 13 ಚಿತ್ರನೇಯ್ಗೆಗಳನ್ನು ಅವಳು 1592ರಲ್ಲಿ ಕೊಂಡಾಗ, ಅವುಗಳ ಮೇಲಿದ್ದ ಹಿಂದಿನ ಒಡೆಯನ ಲಾಂಛನವನ್ನು ಮುಚ್ಚಿ ತನ್ನದನ್ನು ಹಾಕಿಸುವ ವೆಚ್ಚಕ್ಕೆಂದು ಬೆಲೆಯಲ್ಲಿ ಐದು ಪೌಂಡ್ ಮುರಿದುಕೊಂಡಳು. ಇಷ್ಟು ಲೆಕ್ಕ ಬಲ್ಲವಳು ಚಳಿಯ ಲೆಕ್ಕವನ್ನೂ ತಪ್ಪಲಿಲ್ಲ.

ಈ ಮನೆಯ 1601ರ ತಪಶೀಲು ಪಟ್ಟಿಯಲ್ಲಿ ಅವಳ ಮಲಗುವ ಕೋಣೆಯ ಸಾಮಾನನ್ನು ಓದುವಾಗ ಪರದೆಯ ಚರಿತ್ರೆಯ ಒಂದು ಗಳಿಗೆ ಹತ್ತಿರದಿಂದ ಕಾಣಸಿಗುತ್ತದೆ. ಮಂಚದ ಸುತ್ತಲ ಪರದೆ, ಗೋಡೆಯ ಚಿತ್ರನೇಯ್ಗೆ, ಒಂದರ ಮೇಲೊಂದು ಕಂಬಳಿ ಇವೆಲ್ಲವುಗಳ ಜೊತೆಗೆ ಕಿಟಕಿಗಳಿಗೆಂದು ಕೆಂಪು ಬಟ್ಟೆಯ ಎರಡು ಪರದೆಗಳು, ಒಂದು ಕಿಟಕಿಯ ಮುಂದೆ ತೂಗುಹಾಕಲು ಮೂರು ಹಚ್ಚಡಗಳು, ಬಾಗಿಲ ಮುಂದೆ ತೂಗುಹಾಕಲು ಮತ್ತೊಂದು ಹಚ್ಚಡ ಎಂದು ಅಲ್ಲಿ ನಮೂದಾಗಿದೆ. ಆಗ ಎಪ್ಪತ್ತು ದಾಟಿದ್ದ ಆಕೆಯ ಕೋಣೆಯಲ್ಲಿ ಕಿಟಕಿಯ ಪರದೆಯೆಂಬ ಹೊಸ ವಸ್ತು ಬಂದಿದ್ದರೂ ಅದೊಂದೇ ಸಾಲದಾಗಿ, ಹಾಸಿಗೆಯ ಮೇಲಿರಬೇಕಾದ ಹೊದಿಕೆಗಳನ್ನೇ ಮೂರು ಪದರವಾಗಿ ಗಾಜಿನ ಮುಂದೆ ಇಳಿಬಿಡಬೇಕಾಯಿತು ಎಂಬುದನ್ನು ಈ ಒಂದು ಸಾಲು ತಿಳಿಸುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿಯುವ ಕೌದಿಯನ್ನು ಬಲ್ಲವರಿಗೆ ಈ ಉಪಾಯದ ಮರ್ಮ ವಿವರಿಸಬೇಕಾಗಿಲ್ಲ. ಅದು ಹವಾಮಾನ ಚರಿತ್ರಕಾರರು ಕಿರು ಹಿಮಯುಗವೆಂದು ಕರೆಯುವ, ಯುರೋಪಿನ ಚಳಿಗಾಲಗಳು ಇಂದಿಗಿಂತ ಕಟುವಾಗಿದ್ದ ಅವಧಿ. ಬೆಸ್ ತೀರಿಕೊಂಡ 1608ರ ಚಳಿಗಾಲದಲ್ಲಿ ಲಂಡನ್ನಿನ ಥೇಮ್ಸ್ ನದಿ ಹೆಪ್ಪುಗಟ್ಟಿ ಅದರ ಮೇಲೆ ಜಾತ್ರೆಯೇ ನಡೆದಿತ್ತು.

ಬಟ್ಟೆ ಚಳಿಯನ್ನು ತಡೆಯುವ ಬಗೆಯನ್ನು ಇಲ್ಲಿಯೇ ಬಿಡಿಸಿ ಹೇಳುವುದು ಲೇಸು, ಏಕೆಂದರೆ ಮುಂದಿನ ಶತಮಾನಗಳಲ್ಲಿ ಜನ ಮತ್ತೆ ಮತ್ತೆ ಮರೆತದ್ದು ಇದನ್ನೇ. ಶಾಖವನ್ನು ಹಿಡಿದಿಡುವುದು ನೂಲಲ್ಲ. ನೂಲಿನ ನಡುವೆ, ಪದರಗಳ ನಡುವೆ, ಪರದೆಗೂ ಗಾಜಿಗೂ ನಡುವೆ ಅಲುಗಾಡದೆ ನಿಂತಿರುವ ಗಾಳಿ. ಆ ಗಾಳಿ ನಿಂತಿರುವವರೆಗೆ ಮಾತ್ರ ಪರದೆಗೆ ಬೆಲೆ. ತಣ್ಣನೆಯ ಗಾಜಿಗೆ ತಾಗಿದ ಗಾಳಿ ಭಾರವಾಗಿ ಕೆಳಗಿಳಿದು ಪರದೆಯ ಬುಡದಿಂದ ಕೋಣೆಗೆ ಹರಿಯುತ್ತದೆ, ಅದು ಬಿಟ್ಟ ಜಾಗಕ್ಕೆ ಕೋಣೆಯ ಬೆಚ್ಚನೆಯ ಗಾಳಿ ಪರದೆಯ ತಲೆಯ ಮೇಲಿನಿಂದ ಇಳಿದು ಬಂದು ತಾನೂ ತಣ್ಣಗಾಗುತ್ತದೆ. ಹೀಗೆ ಮೇಲೂ ಕೆಳಗೂ ತೆರೆದಿರುವ ಪರದೆಯ ಹಿಂದೆ ಸದ್ದಿಲ್ಲದ ಒಂದು ರಾಟೆ ಇರುಳೆಲ್ಲ ತಿರುಗುತ್ತಲೇ ಇರುತ್ತದೆ. ಆದ್ದರಿಂದ ಬಟ್ಟೆಯ ತೂಕಕ್ಕಿಂತ ಅದರ ಅಂಚುಗಳು ಗೋಡೆಗೂ ನೆಲಕ್ಕೂ ಎಷ್ಟು ಹೊಂದಿಕೊಂಡಿವೆ ಎಂಬುದೇ ಮುಖ್ಯ.

ಮುಂದಿನ ಕಾಲದಲ್ಲಿ ಕಿಟಕಿಯ ಭಾಗ್ಯವನ್ನು ಸರ್ಕಾರದ ಖಜಾನೆ ನಿರ್ಧರಿಸಿತು. 1696ರಲ್ಲಿ ಇಂಗ್ಲೆಂಡ್ ಕಿಟಕಿ ತೆರಿಗೆಯನ್ನು, ಅಂದರೆ ಮನೆಗಿರುವ ಕಿಟಕಿಗಳನ್ನು ಎಣಿಸಿ ವಿಧಿಸುವ ಕರವನ್ನು, ಜಾರಿಗೆ ತಂದಿತು. ಕಿಟಕಿಗಳು ಹತ್ತು ದಾಟಿದರೆ ಕರ ಏರುತ್ತಿದ್ದುದರಿಂದ ಅನೇಕರು ಇದ್ದ ಕಿಟಕಿಗಳನ್ನೇ ಇಟ್ಟಿಗೆಯಿಂದ ಮುಚ್ಚಿಸಿದರು, ಆ ಕುರುಡು ಕಿಟಕಿಗಳು ಇಂದಿಗೂ ಅಲ್ಲಿನ ಬೀದಿಗಳಲ್ಲಿ ಕಾಣುತ್ತವೆ. ಗಾಜಿನ ಮೇಲಿನ ಸುಂಕ 1845ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ ರದ್ದಾದವು. ಅದೇ 1851ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಸುಮಾರು ಮೂರು ಲಕ್ಷ ಗಾಜುಗಳಿಂದ ಲಂಡನ್ನಿನಲ್ಲಿ ಸ್ಫಟಿಕ ಅರಮನೆಯನ್ನು ಕಟ್ಟಿದಾಗ ದೊಡ್ಡ ಗಾಜು ಮಧ್ಯಮ ವರ್ಗದ ಆಸೆಯೂ ಆಯಿತು. ಈ ನಡುವೆ ಪರದೆಯ ಬಟ್ಟೆಯೂ ಬದಲಾಗಿತ್ತು. ಕೋರಮಂಡಲ ಕರಾವಳಿಯ ಬಣ್ಣ ಬಿಡದ ಚೀಟಿ ಬಟ್ಟೆಗಳು ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರ ಮಂಚಗಳನ್ನೂ ಕೋಣೆಗಳನ್ನೂ ಆವರಿಸಿದ್ದವು, ಎಷ್ಟರಮಟ್ಟಿಗೆಂದರೆ ಅಲ್ಲಿನ ಉಣ್ಣೆ ಮತ್ತು ರೇಷ್ಮೆ ನೇಕಾರರ ಒತ್ತಾಯಕ್ಕೆ ಮಣಿದ ಪಾರ್ಲಿಮೆಂಟು ಅವುಗಳ ಬಳಕೆಯನ್ನೇ ನಿಷೇಧಿಸಬೇಕಾಯಿತು. ಚೆಲುವಿನಲ್ಲಿ ಎಣೆಯಿಲ್ಲದಿದ್ದರೂ ಆ ತೆಳು ಹತ್ತಿ ಒಂಟಿಯಾಗಿ ಚಳಿಯನ್ನು ತಡೆಯಬಲ್ಲದ್ದಲ್ಲ.

ವಿಕ್ಟೋರಿಯಾ ರಾಣಿಯ ಕಾಲದ ನಡುಮನೆಯಲ್ಲಿ ಒಂದೇ ಕಿಟಕಿಗೆ ಹಲವು ಪದರಗಳು ಬಂದವು: ಗಾಜಿಗೆ ಹತ್ತಿರವಾಗಿ ಸುರುಳಿ ತೆರೆ, ಅದರ ಮುಂದೆ ನಾಟಿಂಗ್‌ಹ್ಯಾಮ್ ಯಂತ್ರಗಳಲ್ಲಿ ತಯಾರಾದ ಜಾಲರಿ ಬಟ್ಟೆ, ಎಲ್ಲಕ್ಕೂ ಮುಂದೆ ಮಖಮಲ್ಲಿನ ಅಥವಾ ಉಣ್ಣೆಯ ಭಾರವಾದ ಪರದೆ. ಪರದೆಯ ತಲೆಯನ್ನು ಮುಚ್ಚಲು ಕಂಬಿಯ ಮೇಲೆ ಅಡ್ಡಲಾಗಿ ಕೂರಿಸುವ ಮರದ ಅಥವಾ ಬಟ್ಟೆಯ ಪೆಟ್ಟಿಗೆಗೆ ಪೆಲ್ಮೆಟ್ ಎಂದು ಹೆಸರು. ಗೋಡೆಗೆ ಅಂಟಿಕೊಂಡಂತೆ ಕೂರಿಸಿದರೆ ಮೇಲೆ ಹೇಳಿದ ಗಾಳಿಯ ರಾಟೆಯನ್ನು ನಿಲ್ಲಿಸುವುದು ಇದೇ. ಆದರೆ ಆ ಕಾಲದವರು ಇದಕ್ಕೆ ಜರಿ, ಕುಚ್ಚು, ಗೊಂಡೆಗಳನ್ನು ಹೊರಿಸಿ ಉಪಯೋಗವನ್ನು ಆಡಂಬರದಡಿ ಹೂತುಬಿಟ್ಟರು. ಚಾರ್ಲ್ಸ್ ಈಸ್ಟ್‌ಲೇಕ್ 1868ರ ತನ್ನ ಗೃಹಾಲಂಕಾರದ ಗ್ರಂಥದಲ್ಲಿ ಈ ಆಡಂಬರವನ್ನು ಖಂಡಿಸಿ, ಸರಳವಾದ ಲೋಹದ ಕಂಬಿಗೆ ಬಳೆಗಳಿಂದ ತೂಗುವ ನೇರ ಪರದೆಯೇ ಯೋಗ್ಯವೆಂದು ವಾದಿಸಿದ. ಅದಕ್ಕೂ ಮೊದಲೇ ಫ್ಲಾರೆನ್ಸ್ ನೈಟಿಂಗೇಲ್ ರೋಗಿಯ ಕೋಣೆಗೆ ಗಾಳಿ ಬೆಳಕು ಬೇಕೆಂದೂ ಮಂಚದ ಸುತ್ತ ಪರದೆ ಸಲ್ಲದೆಂದೂ ಬರೆದಿದ್ದಳು. ಇಬ್ಬರ ಮಾತೂ ಸರಿಯೇ. ಆದರೆ ಈಸ್ಟ್‌ಲೇಕನ ದಾರಿ ಹಿಡಿದವರು ಪೆಲ್ಮೆಟ್ಟನ್ನು ಕಿತ್ತುಹಾಕಿದಾಗ ಧೂಳಿನ ಜೊತೆಗೆ ಬೆಚ್ಚನೆಯ ಗಾಳಿಯನ್ನೂ ಹೊರಗೆ ಕಳಿಸಿದರು.

ಎರಡನೆಯ ಮಹಾಯುದ್ಧ ಪರದೆಗೆ ಅಂಚಿನ ಶಿಸ್ತನ್ನು ಮತ್ತೆ ಕಲಿಸಿತು. 1939ರ ಸೆಪ್ಟೆಂಬರ್ 1ರಿಂದ ಬ್ರಿಟನ್ನಿನಲ್ಲಿ ದೀಪಬಂದಿ ಜಾರಿಗೆ ಬಂದು, ಬಾಂಬು ಹಾಕುವ ವಿಮಾನಗಳಿಗೆ ಊರಿನ ಗುರುತು ಸಿಗದಂತೆ ಪ್ರತಿ ಮನೆಯೂ ಒಂದು ಎಳೆ ಬೆಳಕೂ ಸೋರದ ಹಾಗೆ ಕಿಟಕಿ ಮುಚ್ಚಬೇಕಾಯಿತು. ಬೆಳಕು ಸೋರದ ಅಂಚಿನಲ್ಲಿ ಗಾಳಿಯೂ ಅಷ್ಟಾಗಿ ಸೋರುವುದಿಲ್ಲ. ಇಂದು ಅಂಗಡಿಗಳಲ್ಲಿ ಶಾಖ ತಡೆಯುವ ಪರದೆಯೆಂದು ಮಾರುವುದು ಬಹುಮಟ್ಟಿಗೆ ಮೂರು ಪದರದ ವಸ್ತು: ಕಣ್ಣಿಗೆ ಕಾಣುವ ಮುಂಬಟ್ಟೆ, ಕಿಟಕಿಯ ಕಡೆಗಿರುವ ಅಸ್ತರು, ಅಂದರೆ ಲೈನಿಂಗ್, ಇವೆರಡರ ನಡುವೆ ಬಂಪ್ ಎಂದು ಕರೆಯುವ, ಮೇಲ್ಮೈಯನ್ನು ಕೆರೆದು ಉಬ್ಬಿಸಿದ ದಪ್ಪ ಹತ್ತಿಯ ಪದರ. ಅಗ್ಗದವುಗಳಲ್ಲಿ ನಡುವಿನ ಪದರವಿಲ್ಲದೆ ಅಸ್ತರಿಗೇ ಅಕ್ರಿಲಿಕ್ ನೊರೆಯನ್ನು ಲೇಪಿಸಿರುತ್ತಾರೆ. ಬೆಸ್ ಹಾಕಿಸಿದ ಮೂರು ಹಚ್ಚಡಗಳು ಇಲ್ಲಿ ಒಂದೇ ಹೊಲಿಗೆಯಲ್ಲಿ ಕೂಡಿಕೊಂಡಿವೆ.

ಇವುಗಳ ಫಲವನ್ನು ಅಳೆದು ನೋಡಿದ ಪ್ರಯೋಗಗಳೂ ಇವೆ. ಸ್ಕಾಟ್ಲೆಂಡಿನ ಪಾರಂಪರಿಕ ಕಟ್ಟಡಗಳ ಸಂಸ್ಥೆಯಾಗಿದ್ದ ಹಿಸ್ಟಾರಿಕ್ ಸ್ಕಾಟ್ಲೆಂಡ್‌ಗಾಗಿ ಗ್ಲಾಸ್ಗೋ ಕ್ಯಾಲೆಡೋನಿಯನ್ ವಿಶ್ವವಿದ್ಯಾಲಯ 2008ರಲ್ಲಿ ಒಂಟಿ ಗಾಜಿನ ಹಳೆಯ ಕಿಟಕಿಯೊಂದನ್ನು ಪರೀಕ್ಷಿಸಿದಾಗ, ಪರದೆ ಎಳೆದಾಗ ಗಾಜಿನ ಮೂಲಕ ಹೊರಹೋಗುವ ಶಾಖ ಶೇ. 14ರಷ್ಟು, ಮರದ ಕದ ಮುಚ್ಚಿದಾಗ ಶೇ. 51ರಷ್ಟು ಕಡಿಮೆಯಾಯಿತು. ಮರುವರ್ಷ ಇಂಗ್ಲೆಂಡಿನ ಅಂಥದೇ ಸಂಸ್ಥೆಯಾದ ಇಂಗ್ಲಿಷ್ ಹೆರಿಟೇಜ್ ನಡೆಸಿದ ಇದೇ ಬಗೆಯ ಪರೀಕ್ಷೆಯಲ್ಲಿ ಭಾರವಾದ ಪರದೆ ಶೇ. 41ರಷ್ಟು ಶಾಖವನ್ನು ಉಳಿಸಿತು. ಪರದೆ ಎಂಬ ಹೆಸರೊಂದರಿಂದ ಏನನ್ನೂ ಹೇಳಲಾಗದು ಎಂಬುದಕ್ಕೆ ಇಷ್ಟು ಅಂತರವೇ ಸಾಕ್ಷಿ. ಮಧ್ಯಯುಗದ ಮರದ ಕದವನ್ನು ಕಳಚಿಹಾಕಿದ್ದು ದೊಡ್ಡ ತಪ್ಪೆಂದು ಈ ಅಂಕಿಗಳನ್ನು ನೋಡಿದ ಮೇಲೆ ಹೇಳಲೇಬೇಕಾಗುತ್ತದೆ.

ಬಿಸಿಲಿನ ನಾಡಿನಲ್ಲಿ ಈ ಚರಿತ್ರೆ ಬೇರೆ ದಾರಿ ಹಿಡಿಯಿತು. ಲಾವಂಚದ ಬೇರನ್ನು ಬಿದಿರಿನ ಚೌಕಟ್ಟಿಗೆ ಹೆಣೆದು ನೀರು ಹೊಯ್ದರೆ ನಡುಬೇಸಗೆಯಲ್ಲೇ ಚಳಿಗಾಲ ಬಂದಂತಾಗುತ್ತದೆಂದು ಅಕ್ಬರನ ಆಸ್ಥಾನದ ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ದಾಖಲಿಸಿ, ಈ ಪದ್ಧತಿಯನ್ನು ಅಕ್ಬರ್ ಜನಪ್ರಿಯಗೊಳಿಸಿದನೆಂದು ಬರೆದಿದ್ದಾನೆ. ಇಂಥ ಲಾವಂಚದ ತಟ್ಟಿ ಕೆಲಸ ಮಾಡುವುದು ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುವುದರಿಂದ; ಹಾಗಾಗಿ ರಾಯಚೂರು, ಕಲಬುರಗಿಗಳ ಒಣಸೆಕೆಗೆ ಅದು ಒಗ್ಗುತ್ತದೆ, ಮಂಗಳೂರಿನ ಬೆವರುಸೆಕೆಗೆ ಒಗ್ಗದು. ಬಟ್ಟೆಯನ್ನೇ ಗೋಡೆಯಾಗಿಸುವ ಕಲೆ ಈ ನಾಡಿಗೂ ಹೊಸದಲ್ಲ. ಡೇರೆಯ ಸುತ್ತ ಗೋಡೆಯಂತೆ ನಿಲ್ಲಿಸುವ ಬಟ್ಟೆಗೆ ಕನಾತು ಎನ್ನುತ್ತಾರೆ. ಟಿಪ್ಪು ಸುಲ್ತಾನನ ಹತ್ತಿಯ ಡೇರೆಯೊಂದು, ಬಿಳಿಯ ನೆಲದ ಮೇಲೆ ಸಾಲುಸಾಲಾಗಿ ಕಮಾನುಗಳು, ಪ್ರತಿ ಕಮಾನಿನೊಳಗೊಂದು ಹೂದಾನಿ ಮೂಡಿದ ಕನಾತುಗಳೊಡನೆ, ಶ್ರೀರಂಗಪಟ್ಟಣದ ಪತನದ ನಂತರ ಕ್ಲೈವ್ ಮನೆತನದ ವಶವಾಗಿ ಇಂದು ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುನ್ನ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದೂ ಇದೇ ಬುದ್ಧಿಯ ಇನ್ನೊಂದು ರೂಪ.

ಈ ತಟ್ಟಿ, ಸೋಗೆಗಳು ಮನೆಯ ಹೊರಮೈಗೆ ನಿಲ್ಲುತ್ತವೆ ಎಂಬುದನ್ನು ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿ ಪಡುವಣ ಕಿಟಕಿಗೆ ಪರದೆ ಕೊಳ್ಳುವವರು ಗಮನಿಸಬೇಕು. ಬಿಸಿಲು ಒಮ್ಮೆ ಗಾಜನ್ನು ದಾಟಿದ ಮೇಲೆ ಒಳಗಿನ ಪರದೆ ಅದನ್ನು ಪೂರ್ತಿ ಹಿಂದಿರುಗಿಸಲಾರದು. ಕಪ್ಪು ಅಸ್ತರಾದರೆ ತಾನೇ ಕಾದು ಆ ಶಾಖವನ್ನು ಕೋಣೆಗೆ ಬಿಡುತ್ತದೆ, ಬಿಳಿಯ ಅಸ್ತರು ಒಂದಿಷ್ಟನ್ನಾದರೂ ಹೊರಗೆ ಪ್ರತಿಫಲಿಸುತ್ತದೆ. ಆದ್ದರಿಂದ ಇಲ್ಲಿ ಮೊದಲ ಖರ್ಚು ಹೊರಗಿನ ನೆರಳಿಗೆ, ಎರಡನೆಯದು ಪರದೆಗೆ ಸಲ್ಲಬೇಕು. ಚಳಿನಾಡಿನಲ್ಲಿ ನೆಲೆಸಿದ ಕನ್ನಡಿಗರಿಗಾದರೋ ಬೆಸ್‌ಳ ದಾರಿಯೇ ದಾರಿ: ಮೂರು ಪದರದ ಬಟ್ಟೆ, ಚೌಕಟ್ಟಿನ ಎರಡೂ ಬದಿಗೆ ಒಂದು ಗೇಣು ಮುಂದಕ್ಕೆ ಚಾಚಿ ಗೋಡೆಯತ್ತ ತಿರುಗುವ ಕಂಬಿ, ಮೇಲೆ ಮುಚ್ಚಿದ ಪೆಲ್ಮೆಟ್, ಕೆಳಗೆ ನೆಲ ಮುಟ್ಟುವ ಅಂಚು, ಕಿಟಕಿಯ ಕೆಳಗೆ ಕೋಣೆ ಕಾಯಿಸುವ ರೇಡಿಯೇಟರ್ ಇದ್ದರೆ ಮಾತ್ರ ಅಂಚು ಅದರ ಮೇಲಕ್ಕೇ ನಿಲ್ಲಬೇಕು, ಇಲ್ಲವಾದರೆ ಶಾಖವೆಲ್ಲ ಗಾಜಿನ ಪಾಲಾಗುತ್ತದೆ. ಇಷ್ಟನ್ನು ಹೊಲಿಯುವವರಿಗೆ ಹೇಳಿ ಮಾಡಿಸದಿದ್ದರೆ, ಬಟ್ಟೆ ಎಷ್ಟೇ ದುಬಾರಿಯಾಗಿದ್ದರೂ ಕೋಣೆ ಬೆಚ್ಚಗಾಗದು.